ಸರಸ-ವಿರಸಗಳ ನಡುವಣ ಇಕ್ಕಟ್ಟು

ಬೆಂಗಳೂರಿನ ಕಡೆಯಿಂದ ಬರುವ ಬಸ್ಸು ಕ್ಯಾತ್ಸಂದ್ರವನ್ನು ದಾಟಿ ಬಟವಾಡಿಯನ್ನು ಸಮೀಪಿಸಿತೆಂದರೆ ತುಮಕೂರಿನ ಪ್ರಯಾಣಿಕರು ಚೀಲಗಳನ್ನು ಕೈಗೆತ್ತಿಕೊಂಡು ಎದ್ದು ನಿಲ್ಲುವುದು ವಾಡಿಕೆ. ಊರಿಗೆ ಬಾಗಿಲಿನಂತಿರುವ ಈ ಬಟವಾಡಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ನೆಂಟರಿಷ್ಟರ ಆಗಮನಕ್ಕೆ ಎಂದೂ ಕೊರತೆಯಿಲ್ಲ. ಸಿದ್ಧಗಂಗೆಗೆ ಹೊರಟವರು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದವರು, ಲಗ್ನಪತ್ರಿಕೆ ಹಂಚುತ್ತ ಬಂದವರು, ಎಲ್ಲರೂ ಒಂದು ಗಳಿಗೆ ಕುಳಿತು, ಪ್ರಸಾದ ಸ್ವೀಕರಿಸಿ ಮುಂದಕ್ಕೆ ಹೋಗುತ್ತಾರೆ. ಕಳೆದ ಕಾರ್ತಿಕ ಮಾಸದ ಒಂದು ಸಂಜೆ ನನ್ನ ತಮ್ಮನ ಮಗಳು ಹೀಗೆಯೇ ಬಸ್ಸಿಳಿದು ಬಂದಳು. ಅವಳ ಕೈಯಲ್ಲಿ ಎರಡು ದೊಡ್ಡ ಪೆಟ್ಟಿಗೆಗಳಿದ್ದವು. ಎರಡು ದಿನ ಇದ್ದು ಹೋಗಲು ಬರುವ ಹೆಣ್ಣುಮಗಳು ಎರಡು ಪೆಟ್ಟಿಗೆಗಳನ್ನು ಹೊತ್ತು ತರುವುದಿಲ್ಲವೆಂಬುದು ನಮ್ಮ ಮನೆಯವರಿಗೆ ಕೂಡಲೇ ತಿಳಿಯಿತು. ನನಗೆ ತಿಳಿಯಲು ಮೂರು ದಿನ ಬೇಕಾಯಿತು.

ವಿವಾಹವಾಗಿ ಎರಡು ವರ್ಷ ಕೂಡ ತುಂಬಿರಲಿಲ್ಲ. ಆ ಸಂಬಂಧವನ್ನು ಕೂಡಿಸಿದವನು ನಾನೇ. ಮುಚ್ಚಿಡುವುದರಿಂದ ಪ್ರಯೋಜನವಿಲ್ಲವಾದ್ದರಿಂದ ಹೇಳಿಬಿಡುತ್ತೇನೆ: ಕುಟುಂಬದಲ್ಲಿ ಯಾರಿಗಾದರೂ ಕನ್ಯೆ ನೋಡುವುದಿರಲಿ, ವರನನ್ನು ನೋಡುವುದಿರಲಿ, ಮೊದಲು ನನ್ನನ್ನು ಕೇಳುವುದು ಒಂದು ಪದ್ಧತಿಯೇ ಆಗಿಹೋಗಿದೆ. ಇಂತಹ ಮಾಸಪತ್ರಿಕೆಗಳ ವಧೂವರರ ಅಂಕಣವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತ ಓದುವವರಲ್ಲಿ ನಾನೂ ಒಬ್ಬ. ಹುಡುಗನ ಎತ್ತರ, ವಿದ್ಯಾರ್ಹತೆ, ವೇತನ, ಒಳಪಂಗಡ, ಸ್ವಂತ ಮನೆ ಇದೆಯೇ, ತೋಟ ಇದೆಯೇ, ಸೋದರಮಾವಂದಿರ ಊರು ಯಾವುದು, ಎಲ್ಲವನ್ನೂ ವಿಚಾರಿಸಿದ್ದೆ. ಕೋಪ ಬಂದಾಗ ಆತ ಮಾತನಾಡುತ್ತಾನೆಯೋ ಮಾತು ಬಿಡುತ್ತಾನೆಯೋ ಎಂಬುದನ್ನು ಮಾತ್ರ ಕೇಳಿರಲಿಲ್ಲ. ನಮ್ಮ ಹುಡುಗಿ ಸೋಲನ್ನು ಒಪ್ಪಿಕೊಳ್ಳುವವಳಲ್ಲವೆಂಬುದು ನನಗೆ ಚಿಕ್ಕಂದಿನಿಂದ ಗೊತ್ತಿದ್ದರೂ ಅವರ ಕಡೆಯವರಿಗೆ ಹೇಳಿರಲಿಲ್ಲ. ಅಂಕಣದಲ್ಲಿ ಅಂಥ ವಿಷಯಗಳಿಗೆ ಸ್ಥಳವಿರುವುದಿಲ್ಲವಷ್ಟೆ.

ಮನೆಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಾಳಿಗೆಯ ಕೋಣೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ತನ್ನ ಬೆಂಗಳೂರಿನ ಕಚೇರಿಯ ಕೆಲಸ ಮಾಡುವಳು, ಕರೆದರೆ ಊಟಕ್ಕೆ ಇಳಿದು ಬರುವಳು. ಹೀಗೆ ಹದಿನೈದು ದಿನ ಕಳೆಯಿತು. ಆಮೇಲೆ ಒಂದು ಭಾನುವಾರ, ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗ, ಯಾವ ಉದ್ದೇಶವೂ ಇಲ್ಲದೆಯೇ ಇರಬಹುದು, ನಡುಮನೆಯ ಟಿ.ವಿ.ಯಲ್ಲಿ ಒಂದು ಕನ್ನಡ ಚಿತ್ರವನ್ನು ಹಾಕಿದ. ಅದರ ಹೆಸರು ‘ಇಕ್ಕಟ್’.

ಈ ಚಿತ್ರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಚಿತ್ರಮಂದಿರಕ್ಕೆ ಬರದೆ, 2021ರ ಜುಲೈ 21ರಂದು ನೇರವಾಗಿ ಅಮೆಜಾನ್ ಪ್ರೈಮ್ ವಿಡಿಯೋ ಮೂಲಕ ಮನೆಮನೆಗೆ ಬಂದ ಚಿತ್ರವಿದು. ನಿರ್ದೇಶಕರು ಇಶಾಮ್ ಖಾನ್ ಮತ್ತು ಹಸೀನ್ ಖಾನ್. ಜನರಿಂದಲೇ ಹಣ ಕೂಡಿಸಿ 2013ರಲ್ಲಿ ‘ಲೂಸಿಯಾ’ ಚಿತ್ರವನ್ನು ಮಾಡಿ ಹೆಸರಾದ ಪವನ್ ಕುಮಾರ್ ಇದರ ನಿರ್ಮಾಪಕರು. ವಾಸು ಮತ್ತು ಜಾಹ್ನವಿ ಎಂಬ ದಂಪತಿಗಳ ಪಾತ್ರದಲ್ಲಿ ನಾಗಭೂಷಣ ಹಾಗೂ ಭೂಮಿ ಶೆಟ್ಟಿ ಅಭಿನಯಿಸಿದ್ದಾರೆ. ‘ಕಿನ್ನರಿ’ ಧಾರಾವಾಹಿಯನ್ನು ನೋಡುತ್ತಿದ್ದ ಗೃಹಿಣಿಯರಿಗೆ ಭೂಮಿ ಶೆಟ್ಟಿಯವರ ಪರಿಚಯ ಮಾಡಿಕೊಡಬೇಕಾಗಿಲ್ಲ.

ಕಥೆಯ ಬೀಜ ಬಹಳ ಸರಳ. ಈ ದಂಪತಿಗಳು ಪರಸ್ಪರರಿಂದ ಬಿಡುಗಡೆ ಹೊಂದಲು ನಿಶ್ಚಯಿಸಿದ್ದಾರೆ. ಇನ್ನೇನು ತಮ್ಮ ತಮ್ಮ ದಾರಿ ಹಿಡಿಯಬೇಕು. ಅಷ್ಟರಲ್ಲಿ ಲಾಕ್‌ಡೌನ್ ಬಂದೊದಗುತ್ತದೆ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ದೂರದರ್ಶನದಲ್ಲಿ 21 ದಿನಗಳ ದಿಗ್ಬಂಧನವನ್ನು ಘೋಷಿಸಿದ್ದು ನಮಗೆಲ್ಲ ನೆನಪಿದೆ. ಬಿ.ಎಚ್. ರಸ್ತೆಯಲ್ಲಿ ನಾಯಿಗಳು ನಡುರಸ್ತೆಯಲ್ಲಿ ಮಲಗಿದ್ದ ಆ ದಿನಗಳನ್ನು ಬಟವಾಡಿಯ ಜನ ಮರೆಯುವಂತಿಲ್ಲ. ಯಾರ ಮುಖವನ್ನು ಇನ್ನು ನೋಡಬಾರದೆಂದು ತೀರ್ಮಾನಿಸಿದ್ದರೋ ಅವರ ಮುಖವನ್ನೇ 21 ದಿನ ಹಗಲಿರುಳು ನೋಡುತ್ತ ಒಂದೇ ಸೂರಿನಡಿ ಇರಬೇಕಾದ ಪ್ರಸಂಗ ವಾಸು-ಜಾಹ್ನವಿಯರದು. ಚಿತ್ರದ ಬಹುಭಾಗ ಆ ಮನೆಯ ಗೋಡೆಗಳ ನಡುವೆಯೇ ನಡೆಯುತ್ತದೆ. ಸಾಲದೆಂಬಂತೆ ಮೂರನೆಯವರ ಪ್ರವೇಶವೂ ಆಗಿ ಗೊಂದಲ ಇಮ್ಮಡಿಸುತ್ತದೆ. ಕೊನೆಯನ್ನು ಇಲ್ಲಿ ಹೇಳುವುದು ಸರಿಯಲ್ಲ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ನಡುಭಾಗದಲ್ಲಿ ಗೊಂದಲವೇ ಹೆಚ್ಚಾಗಿ ದಂಪತಿಗಳು ಹಿಂದಕ್ಕೆ ಸರಿದರೆಂದು ನನಗೆ ಅನಿಸಿತು. ಗಂಡನ ಸ್ವಭಾವ ಸ್ಪಷ್ಟವಾಗಿ ಮೂಡಿದಷ್ಟು ಹೆಂಡತಿಯ ಮನಸ್ಸು ಮೂಡಿಲ್ಲ. ಆದರೆ ಒಂದು ವಿಷಯದಲ್ಲಿ ಆ ತರುಣ ನಿರ್ದೇಶಕರ ತಕ್ಕಡಿ ನೆಟ್ಟಗಿದೆ: ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದಿಲ್ಲ. ಗಂಡ ದುಷ್ಟನಲ್ಲ, ಹೆಂಡತಿ ಗಯ್ಯಾಳಿಯಲ್ಲ. ಇಬ್ಬರೂ ಸಾಮಾನ್ಯರು, ಇಬ್ಬರಲ್ಲಿಯೂ ಹಟವಿದೆ, ಸಣ್ಣತನವಿದೆ, ತಾನು ನೊಂದದ್ದು ಮಾತ್ರ ಕಾಣುತ್ತದೆ, ನೋಯಿಸಿದ್ದು ಕಾಣುವುದಿಲ್ಲ.

ಒಂದು ಪ್ರಸಂಗದಲ್ಲಿ ನಮ್ಮ ಹುಡುಗಿ ಗಟ್ಟಿಯಾಗಿ ನಕ್ಕಳು. ಹದಿನೈದು ದಿನಗಳಲ್ಲಿ ಮೊದಲ ನಗು. ನಮ್ಮ ಮನೆಯವರು ಅಡುಗೆಮನೆಯಿಂದ ಇಣುಕಿ ನೋಡಿದರು. ನಗುತ್ತಿದ್ದವಳು ಹಾಗೆಯೇ ಸುಮ್ಮನಾಗಿ, ಸ್ವಲ್ಪ ಹೊತ್ತಾದ ಮೇಲೆ, ಯಾರನ್ನೂ ಉದ್ದೇಶಿಸದೆ, “ನಾನೂ ಹಿಂಗೇ ಮಾಡ್ತಿದ್ದೆ” ಎಂದಳು. ಆ ಮೇಲೆ ನನ್ನ ಕಡೆ ತಿರುಗಿ, “ದೊಡ್ಡಪ್ಪ, ಅವರೂ ಹಂಗೇನೆ. ಆದ್ರೆ ನಾನೂ ಹಿಂಗೇ ಮಾಡ್ತಿದ್ದೆ” ಎಂದಳು.

ನೆರೆಯವರಾಗಲಿ, ಅವಳ ತಂದೆಯಾಗಲಿ, ನಾನಾಗಲಿ ಎಷ್ಟು ಬುದ್ಧಿವಾದ ಹೇಳಿದ್ದರೂ ಈ ಒಂದು ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಒಂದು ಹಾಸ್ಯಚಿತ್ರ ಮಾಡಿದ ಕೆಲಸವನ್ನು ಹಿರಿಯರ ಉಪದೇಶ ಏಕೆ ಮಾಡಲಾಗಲಿಲ್ಲವೆಂಬ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ. ಈ ಲೇಖನಕ್ಕೆ ಅದೇ ಕಾರಣ.

ತಪ್ಪುಳ್ಳ ದಂಪತಿಗಳ ಹಾಸ್ಯ ನಮಗೆ ಹೊಸದೇನಲ್ಲ. ನಮ್ಮ ಜಿಲ್ಲೆಗಂತೂ ಅಲ್ಲವೇ ಅಲ್ಲ. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ನಾಡಿಗೆಲ್ಲ ನಗುವನ್ನು ಹಂಚಿದ ಸಂಸ್ಥೆ. ಅದನ್ನು ಕೀರ್ತಿಶಿಖರಕ್ಕೇರಿಸಿದ ಗುಬ್ಬಿ ವೀರಣ್ಣನವರು ಮೂಲತಃ ಹಾಸ್ಯನಟರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರದಲ್ಲಿ ಅವರನ್ನು ನೋಡಿದವರು ಅದನ್ನು ಜೀವನಪರ್ಯಂತ ಹೇಳಿಕೊಳ್ಳುತ್ತಿದ್ದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಕಲೆಯೇ ಕಾಯಕ’. ನಮ್ಮ ತಂದೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಗುಬ್ಬಿ ಕಂಪನಿಯ ನಾಟಕಕ್ಕೆ ಹೋಗುತ್ತಿದ್ದುದನ್ನು ಹೇಳುವಾಗ, ರಾಜರಾಣಿಯರ ಮಾತು ಒಂದೂ ಅವರ ನೆನಪಿನಲ್ಲಿರುತ್ತಿರಲಿಲ್ಲ. ನಡುನಡುವೆ ಬಂದು ಜಗಳವಾಡಿ ಹೋಗುವ ಗಂಡ-ಹೆಂಡಿರ ಮಾತುಗಳು ಮಾತ್ರ ಅಕ್ಷರಶಃ ಬಾಯಿಗೆ ಬರುತ್ತಿದ್ದವು.

ಈ ಗುಬ್ಬಿ ಕಂಪನಿಯ ಎಳೆ ಎಲ್ಲಿಯವರೆಗೆ ಬಂದಿದೆಯೆಂಬುದನ್ನು ಗಮನಿಸಬೇಕು. ಆ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಟರಾಗಿದ್ದರು. ಅವರ ಮಗ ಮುತ್ತುರಾಜ ಅಲ್ಲಿಯೇ ಬೆಳೆದು, 1954ರಲ್ಲಿ ಗುಬ್ಬಿಯವರ ಸಂಸ್ಥೆಯೇ ನಿರ್ಮಾಣದಲ್ಲಿ ಪಾಲ್ಗೊಂಡ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರರಾದರು. ಅವರ ಮೊಮ್ಮಗಳು, ಶಿವರಾಜಕುಮಾರ್ ಅವರ ಪುತ್ರಿ ನಿವೇದಿತಾ, 2022ರಲ್ಲಿ ‘ಹನಿಮೂನ್’ ಎಂಬ ಕನ್ನಡ ವೆಬ್ ಸರಣಿಯನ್ನು ನಿರ್ಮಿಸಿದರು. ಅದೂ ದಂಪತಿಗಳ ಹಾಸ್ಯಕಥೆಯೇ. ‘ಇಕ್ಕಟ್’ ಚಿತ್ರದ ನಾಗಭೂಷಣರೇ ಇಲ್ಲಿಯೂ ಗಂಡ. ಹೆಂಡತಿಯಾಗಿ ಸಂಜನಾ ಆನಂದ್. ಬಯಲಿನಲ್ಲಿ ಡೇರೆ ಹಾಕಿ ಆಡುತ್ತಿದ್ದ ಆಟ ನಾಲ್ಕು ತಲೆಮಾರಿನಲ್ಲಿ ಅಂಗೈಯಗಲದ ಪರದೆಗೆ ಬಂದು ನಿಂತಿತು.

‘ಹನಿಮೂನ್’ ಸರಣಿಯ ದಂಪತಿಗಳ ಇಕ್ಕಟ್ಟು ಬೇರೆ ಬಗೆಯದು. ವಾಸು-ಜಾಹ್ನವಿಯರು ಒಬ್ಬರನ್ನೊಬ್ಬರು ತಿಳಿದು ಬೇಸತ್ತವರು. ಇವರು ತಿಳಿಯುವ ಮೊದಲೇ ಮದುವೆಯಾದವರು. ಹಿರಿಯರು ನಿಶ್ಚಯಿಸಿದಂತೆ ಕೈಹಿಡಿದು ಕೇರಳಕ್ಕೆ ಪ್ರವಾಸ ಹೊರಟ ಮೇಲೆ, ಎದುರಿಗಿರುವ ವ್ಯಕ್ತಿ ತನಗೆ ಪೂರ್ಣ ಅಪರಿಚಿತರೆಂಬುದು ಇಬ್ಬರಿಗೂ ಮನವರಿಕೆಯಾಗುತ್ತದೆ. ಎಲ್ಲರೂ ಕೂಡಿ ಕುಳಿತು ನೋಡಲು ಮುಜುಗರವಾಗುವ ಪ್ರಸಂಗಗಳು ಅದರಲ್ಲಿವೆಯಾದ್ದರಿಂದ ನಾನು ಅದನ್ನು ಮನೆಮಂದಿಯ ಜೊತೆಗೆ ನೋಡಿಲ್ಲ, ನೋಡಿರೆಂದು ಯಾವ ಹಿರಿಯರಿಗೂ ಹೇಳುವುದೂ ಇಲ್ಲ. ಆದರೆ ಮದುವೆ ನಿಶ್ಚಯವಾಗಿರುವ ತರುಣ ತರುಣಿಯರು ತಮ್ಮ ಪಾಡಿಗೆ ತಾವು ನೋಡಿದರೆ ಹಾನಿಯೇನೂ ಇಲ್ಲ. ಅದು ಪ್ರಸಾರವಾದ ವೂಟ್ ಎಂಬ ವೇದಿಕೆ ಈಗ ಆ ಹೆಸರಿನಲ್ಲಿ ಉಳಿದಿಲ್ಲ. 2023ರಲ್ಲಿ ಜಿಯೋಸಿನಿಮಾದಲ್ಲಿ ಲೀನವಾಯಿತು, 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾವೂ ಹಾಟ್‌ಸ್ಟಾರಿನೊಂದಿಗೆ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಈ ವೇದಿಕೆಗಳು ಕೂಡಿಕೊಳ್ಳುವ ವೇಗವನ್ನು ನೋಡಿದರೆ ನಮ್ಮ ಮದುವೆಯ ಮಾತುಕತೆಗಳು ನಿಧಾನವೆಂದೇ ಹೇಳಬೇಕು.

ದೂರದರ್ಶನದ ಕಾಲವನ್ನೂ ಒಮ್ಮೆ ನೆನೆಯೋಣ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಬೀದಿಗೊಂದು ಟಿ.ವಿ. ಇದ್ದ ಆ ದಿನಗಳಲ್ಲಿ, 1984ರಲ್ಲಿ, ‘ಯೇ ಜೋ ಹೈ ಜಿಂದಗಿ’ ಎಂಬ ಹಿಂದಿ ಹಾಸ್ಯ ಧಾರಾವಾಹಿ ಬಂತು. ಶರದ್ ಜೋಶಿಯವರ ಬರವಣಿಗೆ. ಶಫಿ ಇನಾಮದಾರ್ ಮತ್ತು ಸ್ವರೂಪ್ ಸಂಪತ್ ದಂಪತಿಗಳಾಗಿದ್ದರು. ಹಿಂದಿ ಬಾರದ ನಮ್ಮ ತಾಯಿಯವರು ಕೂಡ ಅದಕ್ಕಾಗಿ ಲಿಂಗಪೂಜೆಯನ್ನು ಬೇಗ ಮುಗಿಸುತ್ತಿದ್ದರೆಂದರೆ ಅದರ ಸೆಳೆತ ತಿಳಿದೀತು. ಕನ್ನಡದಲ್ಲಿ ‘ಸಿಹಿಕಹಿ’ ಬಂತು. ಅದರಲ್ಲಿ ಅಭಿನಯಿಸಿದ ಚಂದ್ರು ಮತ್ತು ಗೀತಾ ನಿಜಜೀವನದಲ್ಲಿಯೂ ಸತಿಪತಿಗಳು. ಧಾರಾವಾಹಿಯ ಹೆಸರು ಅವರ ಹೆಸರುಗಳಿಗೆ ಶಾಶ್ವತವಾಗಿ ಅಂಟಿಕೊಂಡಿತು. ಗೃಹಸ್ಥಜೀವನಕ್ಕೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದು ಸಿಗಲಾರದು.

ಅದೇ ಸಿಹಿಕಹಿ ಚಂದ್ರು ಅವರು ಮುಂದೆ ಈಟಿವಿ ಕನ್ನಡ ವಾಹಿನಿಗಾಗಿ ‘ಪಾಪ ಪಾಂಡು’ ಮಾಡಿದರು. ಚಿದಾನಂದ್ ಮತ್ತು ಶಾಲಿನಿ ಅವರ ಆ ಜೋಡಿ ಎಷ್ಟು ಜನಪ್ರಿಯವಾಯಿತೆಂದರೆ 2018ರಲ್ಲಿ ಇನ್ನೊಂದು ವಾಹಿನಿಯಲ್ಲಿ ಅದು ಮರುಹುಟ್ಟು ಪಡೆಯಿತು. ಹೆಂಡತಿಯ ಏಟು ತಿನ್ನುವ ಗಂಡನನ್ನು ನೋಡಿ ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಈಗ ಯೋಚಿಸಿದರೆ ಆ ನಗುವಿಗೂ ‘ಇಕ್ಕಟ್’ ಚಿತ್ರದ ನಗುವಿಗೂ ಒಂದು ಅಂತರ ಕಾಣುತ್ತದೆ. ಪಾಂಡು ಇಂದು ಏಟು ತಿಂದರೆ ನಾಳೆಯೂ ತಿನ್ನುತ್ತಾನೆ. ಕಂತು ಮುಗಿದಾಗ ಯಾರೂ ಬದಲಾಗಿರುವುದಿಲ್ಲ, ಬದಲಾಗಬಾರದು ಕೂಡ, ಬದಲಾದರೆ ಧಾರಾವಾಹಿ ನಿಂತುಹೋಗುತ್ತದೆ. ನಾವು ನಕ್ಕದ್ದು ಪಾಂಡುವಿನ ಮನೆಯನ್ನು ನೋಡಿ. ನಮ್ಮ ಮನೆ ನೆನಪಾಗುತ್ತಿರಲಿಲ್ಲ.

ಇನ್ನು ಗಂಭೀರ ಚಿತ್ರಗಳ ಮಾತು. 1974ರ ‘ಎರಡು ಕನಸು’ ಚಿತ್ರವನ್ನು ನಮ್ಮ ಪೀಳಿಗೆಯವರು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ಲಲಿತೆಯನ್ನು ಮರೆಯಲಾರದ ರಾಮು, ಕೈಹಿಡಿದ ಗೌರಿಯತ್ತ ಮುಖವೆತ್ತಿ ನೋಡುವುದಿಲ್ಲ. ರಾಜಕುಮಾರ್, ಕಲ್ಪನಾ, ಮಂಜುಳಾ ಮೂವರ ಅಭಿನಯವೂ ಅಪೂರ್ವ. ಚಿತ್ರಮಂದಿರದಲ್ಲಿ ಕಣ್ಣೀರು ಹಾಕದ ಹೆಂಗಸರಿರಲಿಲ್ಲ. ಆದರೆ ನಾವು ಅದರಿಂದ ತಂದುಕೊಂಡ ಪಾಠ ಯಾವುದು? ಗಂಡ ಮುಖವೆತ್ತಿ ನೋಡದಿದ್ದರೂ ಹೆಂಡತಿ ಕಾಯಬೇಕು, ಕಾದರೆ ಒಂದು ದಿನ ಫಲ ಸಿಗುತ್ತದೆ ಎಂಬುದು. ಹೆಣ್ಣುಮಕ್ಕಳಿಗೆ ಸಂಬಂಧ ನೋಡುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ತಮ್ಮನ ಮಗಳು ಬಂದ ನಾಲ್ಕನೆಯ ದಿನ ನಾನು ಅವಳಿಗೆ ಹೇಳಿದ ಮಾತೂ “ಸ್ವಲ್ಪ ಸೈರಿಸಿಕೊಳ್ಳಮ್ಮ” ಎಂಬುದೇ. ಅಳಿಯಂದಿರಿಗೆ ಫೋನು ಮಾಡಿ ಸೈರಿಸಿಕೊಳ್ಳಿರೆಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹಿಂದಿಯಲ್ಲಿ ಈ ಬಗೆಯ ಸರಣಿಗಳು ಹತ್ತು ವರ್ಷಗಳಿಂದೀಚೆಗೆ ಹೇರಳವಾಗಿ ಬಂದಿವೆ. 2014ರಲ್ಲಿ ಯೂಟ್ಯೂಬಿನಲ್ಲಿ ಆರಂಭವಾದ ‘ಪರ್ಮನೆಂಟ್ ರೂಮ್‌ಮೇಟ್ಸ್’, 2016ರಲ್ಲಿ ಅಲ್ಲಿಯೇ ಆರಂಭವಾಗಿ ಮುಂದೆ ನೆಟ್‌ಫ್ಲಿಕ್ಸಿಗೆ ಹೋದ ‘ಲಿಟಲ್ ಥಿಂಗ್ಸ್’ ಎಂಬಿವು ನಗರದ ತರುಣರ ಬಾಯಲ್ಲಿ ನಲಿದಾಡಿದವು. ಅವುಗಳಲ್ಲಿ ವಿವಾಹಕ್ಕೆ ಮುಂಚೆಯೇ ಒಂದೇ ಮನೆಯಲ್ಲಿ ವಾಸ. ನಮ್ಮ ಮನೆಗಳಿಗೆ ಒಗ್ಗುವ ಸಂಗತಿಯಲ್ಲವೆಂದು ಬದಿಗಿಡಬಹುದು. ಆದರೂ ಮೊಮ್ಮಗನ ಒತ್ತಾಯಕ್ಕೆ ‘ಲಿಟಲ್ ಥಿಂಗ್ಸ್’ನ ಎರಡು ಕಂತು ನೋಡಿದೆ. ಅದರಲ್ಲಿ ಬಹುತೇಕ ಏನೂ ನಡೆಯುವುದಿಲ್ಲ. ಇಬ್ಬರು ಊಟ ಮಾಡುತ್ತಾರೆ, ಮಾತಾಡುತ್ತಾರೆ, ಮುನಿಸಿಕೊಳ್ಳುತ್ತಾರೆ, ಮತ್ತೆ ಮಾತಾಡುತ್ತಾರೆ. ನಮ್ಮ ಮನೆಯವರು, “ನಾವಿಬ್ಬರು ಇಷ್ಟು ಮಾತು ಯಾವಾಗ ಆಡಿದ್ದೆವು?” ಎಂದು ಕೇಳಿದರು. ಮದುವೆಯಾಗಿ 46 ವರ್ಷ. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಬಡಾವಣೆಯ ಹಿರಿಯರೊಬ್ಬರು, ನಿತ್ಯ ಬೆಳಗಿನ ವಾಯುವಿಹಾರದಲ್ಲಿ ಜೊತೆಯಾಗುವವರು, ಈ ವಿಷಯ ಕೇಳಿ ಕೆರಳಿದರು. “ಇವೆಲ್ಲ ನೋಡೇ ಸಂಸಾರ ಹಾಳಾಗ್ತಿರೋದು ಸ್ವಾಮಿ. ಡೈವೋರ್ಸು ಅನ್ನೋದು ನಗೋ ವಿಷಯವೇ?” ಎಂಬುದು ಅವರ ವಾದ. ತಳ್ಳಿಹಾಕುವ ಮಾತಲ್ಲ ಇದು. ವಿಚ್ಛೇದನವನ್ನು ಬಟ್ಟೆ ಬದಲಿಸಿದಷ್ಟು ಹಗುರವಾಗಿ ತೋರಿಸುವ ಸರಣಿಗಳೂ ಇವೆ. ಬೈಗುಳವೇ ಸಂಭಾಷಣೆಯಾಗಿರುವುವು ಬೇಕಾದಷ್ಟಿವೆ. ಮಕ್ಕಳ ಕೈಗೆ ಮೊಬೈಲು ಕೊಟ್ಟು ಕಣ್ಣುಮುಚ್ಚಿ ಕುಳಿತುಕೊಳ್ಳಲಾಗದು. ಆದರೆ ಅವರ ಸ್ವಂತ ಅಣ್ಣನ ಮನೆಯಲ್ಲಿ ಹದಿನೆಂಟು ವರ್ಷ ಗಂಡ-ಹೆಂಡಿರು ಒಂದೇ ಮನೆಯಲ್ಲಿದ್ದು ಮಾತಿಲ್ಲದೆ ಕಳೆದದ್ದು ನನಗೂ ಗೊತ್ತು, ಅವರಿಗೂ ಗೊತ್ತು. ಆಗ ಯಾವ ವೆಬ್ ಸರಣಿಯೂ ಇರಲಿಲ್ಲ. ಆ ಮನೆಯನ್ನು ಊರೆಲ್ಲ ಒಳ್ಳೆಯ ಸಂಸಾರವೆಂದೇ ಕರೆಯುತ್ತಿತ್ತು. ಇದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಈ ನಡುವೆ ವಕೀಲರ ಮಾತೂ ಮನೆಯೊಳಗೆ ಬಂತು. ಇದರ ಬಗ್ಗೆ ನಮ್ಮವರಲ್ಲಿ ತಪ್ಪು ಕಲ್ಪನೆಗಳು ಬಹಳ ಇರುವುದರಿಂದ ತಿಳಿದಷ್ಟನ್ನು ಬರೆಯುತ್ತೇನೆ. ನಮ್ಮ ವಿವಾಹಗಳು 1955ರ ಹಿಂದೂ ವಿವಾಹ ಅಧಿನಿಯಮದ ವ್ಯಾಪ್ತಿಗೆ ಸೇರುತ್ತವೆ. ಅದರ ಎರಡನೆಯ ಪ್ರಕರಣವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಹೇಳುತ್ತದೆ. ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ ಪಡೆಯುವ 13ಬಿ ಪ್ರಕರಣ ಮೊದಲಿಗೆ ಅದರಲ್ಲಿ ಇರಲಿಲ್ಲ, 1976ರಲ್ಲಿ ಸೇರಿತು. ಅದರಂತೆ ದಂಪತಿಗಳು ಅರ್ಜಿ ಹಾಕುವ ಮೊದಲು ಕನಿಷ್ಠ ಒಂದು ವರ್ಷ ಬೇರೆಬೇರೆಯಾಗಿ ಜೀವಿಸಿರಬೇಕು. ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ, ಮತ್ತೆ ಇಬ್ಬರೂ ಬಂದು ತಮ್ಮ ಮನಸ್ಸು ಬದಲಾಗಿಲ್ಲವೆಂದು ಹೇಳಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಸಂದರ್ಭದಲ್ಲಿ ನ್ಯಾಯಾಲಯ ಬಿಟ್ಟುಕೊಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿದೆ.

ನನಗೆ ಆಶ್ಚರ್ಯ ತಂದದ್ದು ಬೇರೊಂದು ತೀರ್ಪು. ಬೇರೆಬೇರೆಯಾಗಿ ಜೀವಿಸುವುದೆಂದರೆ ಬೇರೆ ಮನೆ ಮಾಡಬೇಕೆಂದೇನೂ ಅಲ್ಲ. ಒಂದೇ ಸೂರಿನಡಿ ಇದ್ದೂ ಸತಿಪತಿಗಳಂತೆ ಬಾಳದಿದ್ದರೆ ಅದೂ ಬೇರೆಯಾಗಿ ಜೀವಿಸಿದಂತೆಯೇ ಎಂದು 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವಿವರಿಸಿತು. ನಮ್ಮ ವಾಯುವಿಹಾರದ ಗೆಳೆಯರ ಅಣ್ಣನ ಮನೆ ನನ್ನ ಕಣ್ಣ ಮುಂದೆ ಬಂತು. ವಾಸು-ಜಾಹ್ನವಿಯರ ಆ 21 ದಿನಗಳೂ ನೆನಪಾದವು. ಕಾನೂನಿನ ಕಣ್ಣಿಗೆ ಬೇರೆಯಾಗಿದ್ದವರು ಲಾಕ್‌ಡೌನಿನ ಕೃಪೆಯಿಂದ ಮತ್ತೆ ಒಬ್ಬರಿಗೊಬ್ಬರು ಕಾಣತೊಡಗಿದರಲ್ಲವೆ?

ನಮ್ಮ ಶರಣರಲ್ಲಿ ಈ ವಿಷಯಕ್ಕೆ ಹೊಂದುವ ಒಂದು ಜೋಡಿ ಇದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹೊಗಳಲಿಲ್ಲ. ಇದು ಆಸೆಯೆಂದು ಮುಖಕ್ಕೆ ಹೇಳಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳು. ಆತ ಅನುಭಾವದ ಮಾತಿನಲ್ಲಿ ಮೈಮರೆತಾಗ ಕಾಯಕ ನಿಂತಿರುವುದನ್ನು ನೆನಪಿಸಿದವಳೂ ಅವಳೇ. ಪ್ರವಚನಗಳಲ್ಲಿ ಇದನ್ನು ನಾನು ನೂರು ಸಲ ಕೇಳಿದ್ದೇನೆ, ಬಸವ ಜಯಂತಿಯ ಸಭೆಗಳಲ್ಲಿ ನಾನೂ ಹೇಳಿದ್ದೇನೆ. ಪ್ರತಿಸಲವೂ ಕಾಯಕ ಮತ್ತು ಅಪರಿಗ್ರಹದ ದೃಷ್ಟಾಂತವಾಗಿ. ಅದು ಒಂದು ಮನೆಯ ಅಂಗಳದಲ್ಲಿ ಗಂಡ-ಹೆಂಡಿರ ನಡುವೆ ನಡೆದ ಮಾತೆಂದು ಯೋಚಿಸಿರಲಿಲ್ಲ. ಹೆಂಡತಿ ತಪ್ಪು ತೋರಿಸಿದಳು, ಗಂಡ ಅದನ್ನು ಕೇಳಿಸಿಕೊಂಡು ಎದ್ದು ಹೋದ. ಹೇಳಿದವಳನ್ನು ಗಯ್ಯಾಳಿ ಎಂದವರಿಲ್ಲ, ಕೇಳಿದವನನ್ನು ಪಾಪ ಎಂದವರಿಲ್ಲ. ನಮ್ಮ ತಮ್ಮನ ಮಗಳ ಮನೆಯಲ್ಲಿ ಆದದ್ದು ಇದರ ವಿರುದ್ಧ: ಹೇಳಬೇಕಾದ್ದನ್ನು ಹೇಳುವ ಕಡೆ ಆಕೆ ವ್ಯಂಗ್ಯವಾಡಿದಳು, ಕೇಳಿಸಿಕೊಳ್ಳುವ ಕಡೆ ಆತ ಬಾಗಿಲು ಹಾಕಿಕೊಂಡ. ಇದು ಅವಳೇ ಮುಂದೆ ಒಂದು ರಾತ್ರಿ ನಮ್ಮ ಮನೆಯವರಿಗೆ ಹೇಳಿದ ವಿವರ.

ಆ ಭಾನುವಾರದ ನಂತರ ಅವಳು ‘ಇಕ್ಕಟ್’ ಚಿತ್ರವನ್ನು ಇನ್ನೊಂದು ಸಲ ನೋಡಿದಳೆಂದು ಮೊಮ್ಮಗ ಹೇಳಿದ. ಈ ಸಲ ಒಬ್ಬಳೇ ಅಲ್ಲವಂತೆ. ಇವಳು ಬಟವಾಡಿಯಲ್ಲಿ, ಆತ ಬೆಂಗಳೂರಿನಲ್ಲಿ, ಫೋನಿನಲ್ಲಿ ಸಂಪರ್ಕವಿಟ್ಟುಕೊಂಡು ಒಂದೇ ಸಮಯಕ್ಕೆ ಚಿತ್ರವನ್ನು ಹಾಕಿಕೊಂಡು ನೋಡಿದರಂತೆ. ಹೀಗೂ ಉಂಟೇ ಎಂದು ಕೇಳಿದರೆ, “ಈಗೆಲ್ಲ ಹಿಂಗೇ ತಾತ” ಎಂದು ನಕ್ಕುಬಿಟ್ಟ. ಯಾರು ಯಾರಿಗೆ ಮೊದಲು ಫೋನು ಮಾಡಿದರೆಂಬುದನ್ನು ನಾವು ಕೇಳಲಿಲ್ಲ.

ಪುಷ್ಯಮಾಸ ಮುಗಿಯುವ ಹೊತ್ತಿಗೆ ಅಳಿಯಂದಿರು ಬಂದರು. ಮನೆಗೆ ನೇರವಾಗಿ ಬರಲಿಲ್ಲ. ಬಟವಾಡಿಯ ಬಸ್ ನಿಲ್ದಾಣದ ಬಳಿ ನಿಂತು ಅವಳಿಗೆ ಫೋನು ಮಾಡಿದರು. ಇಬ್ಬರೂ ಎಲ್ಲಿಯೋ ಕುಳಿತು ಮೂರು ಗಂಟೆ ಮಾತಾಡಿ ಬಂದರು. ನಾನು ಪಡಸಾಲೆಯಲ್ಲಿ ಕುಳಿತು ಪತ್ರಿಕೆಯನ್ನು ಮೂರು ಸಲ ಓದಿದೆ. ಮನೆಯೊಳಗೆ ಬಂದವರು ನನ್ನ ಕಾಲು ಮುಟ್ಟಿ, “ದೊಡ್ಡಪ್ಪ, ನಿಮಗೆ ತೊಂದರೆ ಆಯ್ತು” ಎಂದರು. “ನನ್ನದೂ ತಪ್ಪಿದೆ, ನಾನು ಕೇಳಬೇಕಾದ್ದನ್ನು ಕೇಳದೆ ಮದುವೆ ಮಾಡಿಸಿದೆ” ಎಂದೆ. ಆತನಿಗೆ ಅರ್ಥವಾಯಿತೋ ಇಲ್ಲವೋ. ರೊಟ್ಟಿ, ಎಣ್ಣೆಗಾಯಿ ಊಟ ಮಾಡಿ, ಸಂಜೆಯ ಬಸ್ಸಿಗೆ ಇಬ್ಬರೂ ಹೊರಟರು. ಹೋಗುವಾಗ ಆಕೆ ಒಂದು ಪೆಟ್ಟಿಗೆಯನ್ನು ತೆಗೆದುಕೊಂಡು ಹೋದಳು. ಇನ್ನೊಂದನ್ನು ಮುಂದಿನ ಸಲ ನೋಡೋಣವೆಂದಳು. ಅದು ಮಾಳಿಗೆಯ ಕೋಣೆಯಲ್ಲಿಯೇ ಇದೆ; ನಮ್ಮ ಮನೆಯವರು ಶನಿವಾರ ಶನಿವಾರ ಅದರ ಮೇಲಿನ ದೂಳು ಒರೆಸುತ್ತಾರೆ.